ಥಂಡರ್‌ಬರ್ಡ್: ಎರಡು ವರ್ಷ ಬಳಸಿದ ಮ್ಯಾಗ ಬರೀಲಿಕತ್ತೀನಿ

ಕಲಬುರಗಿ ಒಳಗ ಒಂದು ದಾಲ್ ಮಿಲ್ಲಿನ ಆಫೀಸಿನಾಗ ನಾ ಲೆಕ್ಕಪತ್ರ ನೋಡ್ತೀನಿ, ತೊಗರಿ ಬ್ಯಾಳಿ ರೇಟು, ಆರ್ಡರು, ಬಿಲ್ಲು ಎಲ್ಲಾ ಮೇಲ್ ಮ್ಯಾಗೇ ನಡೀತದ. ಥಂಡರ್‌ಬರ್ಡ್ ಅನ್ನೋ ಈ ಮೇಲ್ ನೋಡೋ ಸಾಫ್ಟ್‌ವೇರ್ ಪುಕ್ಕಟೆ ಅದ, ಛಲೋ ಅದ, ಐದಕ್ಕ ಐದು ಸ್ಟಾರ್ ಕೊಡ್ತೀನಿ. ಆದ್ರ ಹಾಕೋವಾಗ ಮೇಲ್ ತರಿಸ್ಕೊಳ್ಳೋ ರೀತಿ ಐಮ್ಯಾಪೋ (IMAP) ಪಾಪೋ (POP) ಅಂತ ಕೇಳ್ತದಲ್ಲ, ಅಲ್ಲಿ ಸ್ವಲ್ಪ ನಿಂತು ನೋಡ್ರಿ.

ಮೊದ್ಲು ಬ್ಯಾರೆ ಒಂದು ಹಳೇ ಸಾಫ್ಟ್‌ವೇರ್ ಇತ್ತು, ಸೆಟ್ ಮಾಡಿದವ್ರು ಪಾಪ್3 ಮ್ಯಾಗ ಮಾಡಿ ಹೋಗಿದ್ರು. ಪಾಪ್ ಕೆಲಸ ಇಷ್ಟೇ, ಸರ್ವರ್‌ನಾಗಿನ, ಅಂದ್ರ ಮೇಲ್ ಕೊಡೋ ಕಂಪನಿಯವ್ರ ಕಂಪ್ಯೂಟರಿನಾಗಿನ, ಮೇಲ್ ಎಲ್ಲಾ ಈ ಕಂಪ್ಯೂಟರಿಗೆ ಇಳಿಸ್ಕೊಳ್ಳೋದು, ಕಾಪಿ ಅಲ್ಲೇ ಇರಲಿ ಅಂತ ನಾವು ಟಿಕ್ ಹಾಕಿರಲಿಲ್ಲಂದ್ರ ಸರ್ವರ್‌ನಿಂದ ಅಳಿಸೋದು. ನಮ್ದು ಟಿಕ್ ಹಾಕಿರಲಿಲ್ಲ. ಜನವರಿ ತಿಂಗಳು, ತೊಗರಿ ಸೀಸನ್ನು, ಹಾರ್ಡ್ ಡಿಸ್ಕ್ ಕೆಟ್ಟು ಕುಂತು ಮೂರು ವರ್ಷದ ಮೇಲ್ ಅಲ್ಲೂ ಇಲ್ಲ ಇಲ್ಲೂ ಇಲ್ಲ, ಪಾರ್ಟಿಯವ್ರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿ ಹಳೇ ಬಿಲ್ ಮತ್ತೊಮ್ಮೆ ಕಳಸ್ರಿ ಅಂತ ಕೇಳ್ಕೋತ ಕುಂತೆ, ಆ ಸಂಕಟ ಯಾರಿಗೂ ಬ್ಯಾಡ್ರಿ.

ಥಂಡರ್‌ಬರ್ಡ್‌ನಾಗ ಈಗ ಐಮ್ಯಾಪ್ ಇಟ್ಟೀವಿ, ಪೋರ್ಟ್ (ಸರ್ವರ್‌ನ ಬಾಗಿಲದ ನಂಬರ್ ಇದ್ದಂಗ) 993. ಇದ್ರಾಗ ಮೇಲಿನ ಮೂಲ ಸರ್ವರ್‌ನಾಗೇ ಇರ್ತದ, ನಾವು ನೋಡೋದು ಅದರ ಕಾಪಿ. ಓದಿದ್ದು, ಓದದೇ ಇದ್ದಿದ್ದು, ಯಾವ ಫೋಲ್ಡರ್‌ಗೆ ಸರಿಸಿದ್ದು ಅನ್ನೋ ಗುರುತೂ ಅಲ್ಲೇ ಇರ್ತದ, ಹಿಂಗಾಗಿ ಮೂರೂ ಕಂಪ್ಯೂಟರಿನಾಗ ಒಂದೇ ಕಾಣ್ತದ. ಇನ್ನ ಐಡಲ್ ಅಂತ ಒಂದು ಕಮಾಂಡ್ ಅದ, ಕ್ಲೈಂಟ್, ಅಂದ್ರ ನಮ್ಮ ಕಡಿ ಥಂಡರ್‌ಬರ್ಡ್, ಲೈನ್ ತೆರೆದಿಟ್ಟು ಕಾಯ್ತಾ ಕುಂತಿರ್ತದ, ಹೊಸ ಮೇಲ್ ಬಂದ ಕೂಡಲೇ ಸರ್ವರೇ ಕರೆದು ಹೇಳ್ತದ. ಐಮ್ಯಾಪ್ ಹುಟ್ಟಿದ್ದು 1986ರಾಗ, ಮಾರ್ಕ್ ಕ್ರಿಸ್ಪಿನ್ ಅನ್ನೋರು ಮಾಡಿದ್ದು, ಇವತ್ತಿಗೂ ನಮ್ಮ ಮಿಲ್ ನಡಸ್ಲಿಕತ್ತದ ನೋಡ್ರಿ.

ಭಾಳ ಮಂದಿ ಪರೇಶಾನ್ ಆಗೋದು ಇಲ್ಲಿ: ಮೇಲ್ ಬರ್ತಾವ, ಆದ್ರ ಹೋಗಂಗಿಲ್ಲ. ಬರೋ ದಾರಿ ಐಮ್ಯಾಪ್, ಹೋಗೋ ದಾರಿ ಎಸ್‌ಎಂಟಿಪಿ, ಎರಡೂ ಬ್ಯಾರೆ ಬ್ಯಾರೆ. ನಮ್ದೂ ಹಂಗೇ ನಿಂತಿತ್ತು, ಹೋಗೋದಕ್ಕ ಪೋರ್ಟ್ 25 ಹಾಕಿದ್ರು, ಸ್ಪ್ಯಾಮ್ ಹೋಗಬಾರದಂತ ಇಂಟರ್ನೆಟ್ ಕೊಡೋರು ಆ ಪೋರ್ಟ್ ಬಂದ್ ಮಾಡಿರ್ತಾರ, 587 ಮಾಡಿ ಪಾಸ್‌ವರ್ಡ್ ಹಾಕಿದ ಕೂಡಲೇ ಔಟ್‌ಬಾಕ್ಸಿನಾಗಿದ್ದ ಹನ್ನೊಂದು ಬಿಲ್ಲು ಒಂದಾದ ಮ್ಯಾಗ ಒಂದು ಹೋದ್ವು. ಅಕೌಂಟ್ ಸೆಟ್ಟಿಂಗ್ಸ್‌ನಾಗ ಪಟ್ಟಿಯ ಕೆಳಗ ಔಟ್‌ಗೋಯಿಂಗ್ ಸರ್ವರ್ ಅಂತ ಬ್ಯಾರೇನೇ ಇಟ್ಟಾರ, ಅಲ್ಲೇ ನೋಡ್ರಿ.

ರಿಪೇರಿಗೆ ಬಂದ ಹುಡುಗ ಕಪ್ಪು ಸ್ಕ್ರೀನ್ ತೆಗೆದು ಸರ್ವರ್ ಜೊತಿ ಕೈಲೇ ಟೈಪ್ ಮಾಡಿ ತೋರಿಸ್ದ. ಮೊದ್ಲು ಇಹೆಲೋ ಅಂತ ನಮಸ್ಕಾರ, ಆಮ್ಯಾಗ ಯಾರಿಂದ, ಯಾರಿಗೆ, ಪ್ರತಿ ಸಲ ಸರ್ವರ್ 250 ಅನ್ನೋ ನಂಬರ್ ಜವಾಬು ಕೊಟ್ಟು ಒಪ್ಕೋತದ, ಡೇಟಾ ಅಂದ್ರ 354, ಕಾಗದ ಬರಿ ಅಂತ. ಬರೆದು ಮುಗಿಸಿ ಒಂದು ಸಾಲಿನಾಗ ಬರೇ ಒಂದು ಚುಕ್ಕಿ ಇಟ್ಟು ಎಂಟರ್ ಹೊಡದ್ರ ಮೇಲ್ ಹೋತು ಅಂತ. ಅಷ್ಟೇ! 550 ಬಂತಂದ್ರ ಹೆಚ್ಚಾಗಿ ವಿಳಾಸ ತಪ್ಪು, ಸ್ಪೆಲ್ಲಿಂಗ್ ನೋಡ್ರಿ. ಜವಾಬಿನ ನಂಬರು 4ರಿಂದ ಶುರು ಆದ್ರ ಈಗ ಆಗಲ್ಲ ಆಮ್ಯಾಗ ಬಾ ಅಂತ, ಆಗ ಕಳಿಸೋ ಕಡಿ ಸರ್ವರೇ ಮತ್ತ ಮತ್ತ ಕಳಿಸಿ ನೋಡ್ತದ.

ಒಂದು ರೂಢಿ ಮಾಡ್ಕೋಬೇಕಾತು. ಸಾಹುಕಾರ್ರು ರಾತ್ರಿ ಮನ್ಯಾಗ ಫೋನಿನಾಗ ಓದಿದ ಮೇಲ್ ಬೆಳಿಗ್ಗಿ ಆಫೀಸಿನಾಗೂ ಓದಿದಂಗೇ ಕಾಣ್ತದ, ನಾ ಹಳೇದಂತ ಬಿಟ್ಟು ಎರಡು ಆರ್ಡರ್ ತಡ ಆದ್ವು. ಈಗ ಅವ್ರು ಓದಿದ ಕೂಡಲೇ ಸ್ಟಾರ್ ಒತ್ತತಾರ, ಬೆಳಿಗ್ಗಿ ಬಂದು ನಾ ಮೊದ್ಲು ಸ್ಟಾರ್ ಇದ್ದಿದ್ದೇ ತೆಗೀತೀನಿ.