ಚಿಮಣಿ ಎಣ್ಣೆ, ಅಸಿಟೋನ್, ಐಪಿಎ: ಲೋಹದ ಮೈಗೆ ಯಾವುದು ಸರಿ?

ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ನಮ್ಮದೊಂದು ಸಣ್ಣ ಲೇತ್ ಶೆಡ್ಡು. ವಾಲ್ವ್ ಬಿಡಿಭಾಗಗಳಿಗೆ ಪೇಂಟ್ ಹೊಡೆಯುವ ಮುಂಚೆ ಕಟಿಂಗ್ ಆಯಿಲ್ (ಲೋಹ ಕತ್ತರಿಸುವಾಗ ಹಾಕುವ ಎಣ್ಣೆ) ಯಾವುದರಿಂದ ತೆಗೀಬೇಕು ಅನ್ನೋದು ಇಲ್ಲಿ ದಿನದ ವಾದ. ಒಂದೇ ರಾಡಿನ ತುಂಡುಗಳ ಮೇಲೆ ಎಲ್ಲವನ್ನೂ ಹಾಕಿ ನೋಡಿದೆ. ಒರೆಸಿ ಒಣಗಿದ ಮೇಲೆ ನೀರು ಸುರಿಯಬೇಕು. ನೀರು ಒಂದೇ ಪದರವಾಗಿ ಹರಡಿದರೆ ಸ್ವಚ್ಛ, ಒಡೆದು ಹನಿಯಾದರೆ ಜಿಡ್ಡು ಉಳಿದಿದೆ. ಒಂದೇ ಅಣುವಿನಷ್ಟು ದಪ್ಪದ ಎಣ್ಣೆಯೂ ಇದರಲ್ಲಿ ಸಿಕ್ಕಿಬೀಳುತ್ತದೆ.

ಗಟ್ಟಿ ಗ್ರೀಸ್ ಬಿಡಿಸಲು ಚಿಮಣಿ ಎಣ್ಣೆಗೆ ಸಾಟಿ ಇಲ್ಲ. ಆದರೆ ತಾನೇ ಒಂದು ತೆಳು ಪದರ ಬಿಟ್ಟು ಹೋಗುತ್ತದೆ, ನೀರು ಹನಿಹನಿಯಾಗಿ ಜಾರುತ್ತದೆ. ಗೋದಾಮಿನಲ್ಲಿಡುವ ಮಾಲಿಗೆ ಸರಿ, ಪೇಂಟಿಗೆ ಬೇಡ. ಥಿನ್ನರ್ ಡಬ್ಬಿಯಿಂದ ಡಬ್ಬಿಗೆ ಬೇರೆ, ಬಿಟ್ಟುಬಿಡಿ.

ನಿಜವಾದ ಪೈಪೋಟಿ ಅಸಿಟೋನ್ ಮತ್ತು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್, ನಡುವೆ. ಮೇಲ್ಪದರದ ಕಬ್ಬಿಣದ ಪರಮಾಣುಗಳಿಗೆ ಹೊರಗಿನ ಕಡೆ ಜೊತೆ ಇರುವುದಿಲ್ಲ. ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತವೆ. ಎಣ್ಣೆ ತೆಗೆದರೆ ಆ ಜಾಗಕ್ಕೆ ಆಕ್ಸಿಜನ್ ಮತ್ತು ನೀರು ಬಂದು ಕೂರುತ್ತವೆ. ಜಾಸ್ತಿ ಸ್ವಚ್ಛ ಮಾಡಿದಷ್ಟೂ ಬೇಗ ತುಕ್ಕು! ಅಸಿಟೋನ್ 56 ಡಿಗ್ರಿಗೇ ಕುದಿಯುವ ದ್ರವ, ಭರ್ರನೆ ಆರುತ್ತದೆ. ಆರುವಾಗ ಲೋಹವನ್ನು ತಣ್ಣಗೆ ಮಾಡುತ್ತದೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಗಾಳಿಯ ತೇವ ಅಲ್ಲೇ ಮಂಜಿನಂತೆ ಕೂತು, ಸ್ವಲ್ಪ ಹೊತ್ತಿಗೆ ಹಳದಿ ಚುಕ್ಕೆ ಕಂಡವು. ಐಪಿಎ ಕುದಿಯುವುದು 82 ಡಿಗ್ರಿಗೆ. ನಿಧಾನವಾಗಿ ಆರುತ್ತದೆ, ಅಷ್ಟು ತಣ್ಣಗಾಗುವುದಿಲ್ಲ, ನೀರಿನ ಜೊತೆ ಬೆರೆತು ಅದನ್ನೂ ಎಳೆದುಕೊಂಡು ಹೋಗುತ್ತದೆ. ಗ್ರೀಸಿನ ಮುಂದೆ ಮಾತ್ರ ಸೋಲುತ್ತದೆ. ಹಾಗಾಗಿ ಮಳೆಗಾಲಕ್ಕೆ ಮೊದಲು ಚಿಮಣಿ ಎಣ್ಣೆ, ಆಮೇಲೆ ಐಪಿಎ. ಬೇಸಿಗೆಗೆ ಅಸಿಟೋನ್ ಸಾಕು.

ಹಿತ್ತಾಳೆಗೆ ಮನೆಯ ಹುಣಸೆ ಹುಳಿಯೂ ಸ್ಪರ್ಧೆಗೆ ಬಂತು. ಕಪ್ಪು ಹೋಗಿ ಫಳಫಳ ಹೊಳೆಯಿತು. ಆದರೆ ಹುಳಿಯಲ್ಲೇ ನೆನೆಹಾಕಿ ಬಿಟ್ಟ ತುಂಡು ಅಂಚಿನಲ್ಲಿ ಕೆಂಪಾಯಿತು. ಮೇಲಿನ ಸತು ಕರಗಿ ಹೋಗಿ ತಾಮ್ರ ಉಳಿದದ್ದು ಅದು. ಅಸಿಟೋನ್, ಐಪಿಎ ಹೀಗೆ ಲೋಹದ ಪರಮಾಣುವನ್ನೇ ಕಿತ್ತುಕೊಳ್ಳಲಿಲ್ಲ. ಪೂಜೆಯ ತಂಬಿಗೆಗೆ ಹುಳಿ ಇರಲಿ, ಅಳತೆಯ ಬಿಡಿಭಾಗಕ್ಕೆ ಬೇಡ.

ಮೆಥನಾಲ್ ಅಗ್ಗ ಅಂತ ಒಬ್ಬರು ಹೇಳಿದ್ದರು, ನಾನು ಮುಟ್ಟಲಿಲ್ಲ. ಕಣ್ಣು ಕಳೆಯುವ ವಿಷ ಅದು. ಲೋಹವನ್ನೂ ಬಿಡುವುದಿಲ್ಲ: 1966ರಲ್ಲಿ ಅಪೋಲೋ ನೌಕೆಯ ಟೈಟಾನಿಯಂ ಇಂಧನ ಟ್ಯಾಂಕುಗಳನ್ನು ಮೆಥನಾಲ್ ತುಂಬಿ ಪರೀಕ್ಷಿಸುವಾಗ ಬಿರುಕು ಬಿಟ್ಟವು. ತಮಾಷೆ ಅಂದರೆ, ಅದರಲ್ಲಿ ಸ್ವಲ್ಪ ನೀರು ಬೆರೆತಿದ್ದರೆ ಟೈಟಾನಿಯಂ ಮೇಲಿನ ಆಕ್ಸೈಡ್ ಪದರ ಮತ್ತೆ ಕೂಡಿಕೊಳ್ಳುತ್ತದೆ, ಬಿರುಕು ಬರುವುದಿಲ್ಲ. ನಮ್ಮ ಕಬ್ಬಿಣಕ್ಕೆ ಶತ್ರುವಾದ ನೀರೇ ಅಲ್ಲಿ ಕಾವಲು.