ತುಡುವೆ ಜೇನುಪೆಟ್ಟಿಗೆ: ಮರ ಗಟ್ಟಿ, ಅಳತೆ ತಪ್ಪು

ಕಳೆದ ವರ್ಷದ ನವೆಂಬರಿನಲ್ಲಿ ಪುತ್ತೂರು ಕಡೆಯ ನಮ್ಮ ಅಡಿಕೆ ತೋಟಕ್ಕೆಂದು, ನಮ್ಮ ನಾಡಿನ ಸಣ್ಣ ಜೇನಾದ ತುಡುವೆಯ ಕುಟುಂಬ ಸಮೇತ ಒಂದು ಪೆಟ್ಟಿಗೆಯನ್ನು 4,500 ರೂಪಾಯಿ ಕೊಟ್ಟು ತರಿಸಿಕೊಂಡೆ. ಒಂದು ಮಳೆಗಾಲ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಮಾರಿದವರ ಹೆಸರು ಇಲ್ಲಿ ಬೇಡ.

ಪೆಟ್ಟಿಗೆ ಹೆಬ್ಬಲಸಿನದು, ಇಷ್ಟು ಮಳೆ ಕುಡಿದರೂ ಹಲಗೆ ಬಾಗಿಲ್ಲ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲನ್ನೂ ಕೊಟ್ಟಿದ್ದಾರೆ. ಕುಟುಂಬವಂತೂ ಉತ್ತಮವಾಗಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್ ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿಹಾಕಿದ್ದನ್ನು ಕಂಡವರು ಹಣ ಕೊಡುವ ಮೊದಲು ನಡುವಿನ ಎರಿಯನ್ನು, ಅಂದರೆ ಮೇಣದ ತಟ್ಟೆಯನ್ನು, ಎತ್ತಿ ನೋಡದೆ ಬಿಡುವುದಿಲ್ಲ. ನಾನೂ ನೋಡಿದೆ: ಆ ರೋಗದ ಗುರುತಾದ, ನೀರು ತುಂಬಿದ ಚೀಲದಂತೆ ಸತ್ತ ಮರಿಹುಳು ಒಂದೂ ಇರಲಿಲ್ಲ.

ತೊಂದರೆ ಕಂಡದ್ದು ಫೆಬ್ರವರಿಯಲ್ಲಿ. ರಬ್ಬರಿನ ಹೊಸ ಚಿಗುರಿನ ಎಲೆತೊಟ್ಟಿನಲ್ಲಿ ಮಕರಂದ ಜಿನುಗುವ ಆ ದಿನಗಳಲ್ಲಿ ಸಂಸಾರ ಕೋಣೆಯ (ಮರಿ ಬೆಳೆಯುವ ಕೋಣೆ) ಒಂದು ಚೌಕಟ್ಟನ್ನು ಎತ್ತಿದರೆ ಪಕ್ಕದ್ದೂ ಜೊತೆಗೇ ಎದ್ದು ಬಂತು. ನಡುವೆ ಅಡ್ಡಲಾಗಿ ಕಟ್ಟಿದ್ದ ಎರಿ ಹರಿದು, ಬಿಳಿಯ ಮರಿಹುಳುಗಳು ಅಡಿಹಲಗೆಯ ಮೇಲೆ ಉದುರಿದವು. ಅಳೆದು ನೋಡಿದರೆ ಚೌಕಟ್ಟುಗಳ ನಡುಗೆರೆಯಿಂದ ನಡುಗೆರೆಗೆ 35 ಮಿಲಿಮೀಟರ್ ಅಂತರವಿತ್ತು. ಅದು ಯುರೋಪ್ ಮೂಲದ, ದೊಡ್ಡ ಮೈಯ ಮೆಲ್ಲಿಫೆರಾ ಜೇನಿನ ಅಳತೆ. ತುಡುವೆಗೆ ಸುಮಾರು 30ರಿಂದ 32 ಸಾಕು. ಓಡಾಡಲು ಬೇಕಾದಷ್ಟೇ ದಾರಿ ಉಳಿಸಿ ಹೆಚ್ಚಿನ ಜಾಗವನ್ನು ಮೇಣದಿಂದ ತುಂಬುವುದು ಜೇನಿನ ಸ್ವಭಾವವಾದ್ದರಿಂದ ಇಲ್ಲಿ ತಪ್ಪು ಹುಳುಗಳದ್ದಲ್ಲ, ಪೆಟ್ಟಿಗೆ ಮಾಡಿದವರದ್ದು. ಊರಿನ ಬಡಗಿ ಚೌಕಟ್ಟಿನ ಅಂಚನ್ನು ತುಸು ಕೆತ್ತಿ ಸರಿಪಡಿಸಿದರು.

ಎರಡನೆಯ ದೂರು ಅಡಿಹಲಗೆಯ ಸಂದಿನದು. ಮೆಲ್ಲಿಫೆರಾ ಮರದ ಅಂಟು ತಂದು ಸಂದು ಮುಚ್ಚುತ್ತದೆ, ತುಡುವೆಗೆ ಆ ಅಭ್ಯಾಸವಿಲ್ಲ. ಆದ್ದರಿಂದ ಕೂಡಿಸಿದ ಜಾಗದಲ್ಲಿ ಉಗುರು ತೂರುವಷ್ಟು ಬಿರುಕಿದ್ದರೂ ಮೇಣದ ಪತಂಗ ಅಲ್ಲಿ ಮೊಟ್ಟೆಯಿಟ್ಟು ಎರಿಯೊಳಗೆ ಬಲೆ ನೇಯ್ದೀತು. ಜೊತೆಗೆ ಕೊಟ್ಟ ಕರಪತ್ರವೂ ವಾರಕ್ಕೊಮ್ಮೆ ಪೆಟ್ಟಿಗೆ ತೆರೆಯಲು ಹೇಳುತ್ತದೆ. ಪದೇ ಪದೇ ಕೆದಕಿದರೆ ತುಡುವೆ ಗೂಡು ಬಿಟ್ಟು ಹೋಗುತ್ತದೆಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆಷಾಢದಲ್ಲಿ ಹೂವಿಲ್ಲದಾಗ ಸಕ್ಕರೆ ಪಾಕ ಇಡಬೇಕೆಂಬ, ನಿಜಕ್ಕೂ ಬೇಕಾದ ಮಾತು ಅದರಲ್ಲಿಲ್ಲ.

ಗೇರು ಹೂಬಿಟ್ಟಾಗ ಟೀ ಸೊಳ್ಳೆ ಎಂಬ ರಸ ಹೀರುವ ಕೀಟಕ್ಕೆಂದು ನೆರೆಯವರು ಬೆಳಿಗ್ಗೆ ಹತ್ತು ಗಂಟೆಗೆ ಔಷಧ ಹೊಡೆದರು. ಸಂಜೆ ಗೂಡಿನ ಬಾಗಿಲಲ್ಲಿ ಎರಡು ಬೊಗಸೆ ಹುಳುಗಳು ನಾಲಗೆ ಚಾಚಿ ಬಿದ್ದಿದ್ದವು. ಇದಕ್ಕೆ ಮಾರಿದವರು ಹೊಣೆಯಲ್ಲ. ಆದರೂ ಔಷಧ ಹೊಡೆಯುವ ಹೊತ್ತಿನ ಬಗ್ಗೆ ಕರಪತ್ರದಲ್ಲಿ ಒಂದು ಸಾಲಿದ್ದರೆ ಅದನ್ನೇ ತೋರಿಸಿ ಮೊದಲೇ ಮಾತಾಡಬಹುದಿತ್ತು. ಈಗ ನೆರೆಯವರು ಹುಳುಗಳು ಗೂಡು ಸೇರಿದ ಮೇಲೆ ಹೊಡೆಯುತ್ತಾರೆ.

ಮೊದಲ ವರ್ಷ ಸಿಕ್ಕಿದ್ದು ಮೂರೂವರೆ ಕಿಲೋ ಜೇನುತುಪ್ಪ. ಇನ್ನೊಂದು ಕುಟುಂಬವನ್ನು ಮಾರಿದವರಿಂದಲೇ ಕೊಳ್ಳುತ್ತೇನೆ. ಪೆಟ್ಟಿಗೆಯನ್ನು ಮಾತ್ರ ಅಳತೆ ಬರೆದುಕೊಟ್ಟು ನಮ್ಮ ಬಡಗಿಯಿಂದ ಮಾಡಿಸುತ್ತೇನೆ.