ಸಂಡೇ ಸ್ಕೂಲಿನಲ್ಲಿ ವಿಜ್ಞಾನ: ವಾಕ್ಯ ಮೊದಲೋ, ಆರು ದಿನಗಳ ಕ್ರಮವೋ, ಪ್ರಯೋಗ ಮೊದಲೋ?

ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಸತ್ಯವೇದದ (ಬೈಬಲಿನ) ಬೆಳಕಿನಲ್ಲಿ ವಿಜ್ಞಾನ ಕಲಿಸಬೇಕೆಂದರೆ ಶಿಕ್ಷಕರ ಮುಂದೆ ಮೂರು ದಾರಿಗಳಿವೆ. ಸತ್ಯವೇದದ ಒಂದು ವಾಕ್ಯ ಕಂಠಪಾಠ ಮಾಡಿಸಿ ಅಲ್ಲಿಂದ ಪಾಠಕ್ಕೆ ಇಳಿಯುವುದು ಒಂದು. ಸತ್ಯವೇದದ ಮೊದಲ ಪುಸ್ತಕ ಆದಿಕಾಂಡದ ಒಂದನೇ ಅಧ್ಯಾಯದಲ್ಲಿ ದೇವರು ಲೋಕವನ್ನು ಸೃಷ್ಟಿಸಿದ ಆರು ದಿನಗಳನ್ನೇ ಪಾಠದ ಕ್ರಮ ಮಾಡಿಕೊಳ್ಳುವುದು ಇನ್ನೊಂದು. ಮೊದಲು ಪ್ರಯೋಗ ಮಾಡಿಸಿ, ಎಣಿಸಿ ಬರೆಸಿ, ಕೊನೆಗೆ ವಾಕ್ಯಕ್ಕೆ ಬರುವುದು ಮೂರನೆಯದು. ಕಲಬುರಗಿ, ಬೀದರ್, ಯಾದಗಿರಿ ಕಡೆ ಕೈಗೆ ಸಿಗುವ ಕಾಳು, ಕಲ್ಲು, ನೀರಿಗೇ ಈ ಮೂರನ್ನೂ ಹಚ್ಚಿ ನೋಡಿದ್ದೇವೆ. ನಮ್ಮ ಒಲವು ಮೂರನೆಯದರ ಕಡೆಗೆ. ಉಳಿದೆರಡೂ ಒಂದೊಂದು ಕಡೆ ಉಪಯೋಗಕ್ಕೆ ಬರುತ್ತವೆ, ಒಂದೊಂದು ಕಡೆ ಕೈಕೊಡುತ್ತವೆ.

ಇದೆಲ್ಲ ಸಭೆ (ಚರ್ಚ್), ಮನೆ ಮತ್ತು ಬೇಸಿಗೆಯ ವಿ.ಬಿ.ಎಸ್.ಗೆ (ವೆಕೇಶನ್ ಬೈಬಲ್ ಸ್ಕೂಲ್, ರಜೆಯ ಬೈಬಲ್ ಶಿಬಿರ) ಹೇಳಿದ್ದು. ಸಂವಿಧಾನದ 28ನೇ ವಿಧಿಯಂತೆ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲೂ ಪಾಲಕರ ಒಪ್ಪಿಗೆಯಿಲ್ಲದೆ ಮಗುವನ್ನು ಅದಕ್ಕೆ ಕೂರಿಸುವಂತಿಲ್ಲ. ಸರ್ಕಾರಿ ಶಾಲೆಯ ಶಿಕ್ಷಕರು ಇಲ್ಲಿಂದ ಪ್ರಯೋಗಗಳನ್ನಷ್ಟೇ ಒಯ್ಯಲಿ.

ಮೊದಲು ತೊಗರಿ. ಇಡೀ ತೊಗರಿ 20 ಕಾಳು, ಹೆಸರುಕಾಳು 20, ಬಾಯಿ ಅಗಲದ ಗಾಜಿನ ಲೋಟ ಮೂರು, ಹಳೆಯ ಬಿಳಿ ಹತ್ತಿ ಬಟ್ಟೆ, ಒಂದಿಷ್ಟು ತೊಳೆದ ಮರಳು. ಮನೆಯಿಂದ ತನ್ನಿ ಎಂದರೆ ಅರ್ಧ ಮಕ್ಕಳು ತೊಗರಿ ಬೇಳೆ ತರುತ್ತಾರೆ. ಒಡೆದ ಬೇಳೆ ಮೊಳೆಯುವುದಿಲ್ಲ, ಒಡೆಯುವಾಗಲೇ ಮೊಳಕೆಯ ಮೂಲ ಹಾಳಾಗಿರುತ್ತದೆ. ಅದನ್ನೂ ಎಸೆಯದೆ ಬೇರೆ ತಟ್ಟೆಯಲ್ಲಿ ನೆನೆಸಿಡಿ, ಯಾಕೆ ಮೊಳೆಯಲಿಲ್ಲ ಎಂಬುದೇ ಒಳ್ಳೆಯ ಪ್ರಶ್ನೆ. ಬಣ್ಣ ಹಚ್ಚಿದ ಬಿತ್ತನೆ ಬೀಜವನ್ನು ಮಾತ್ರ ಮಕ್ಕಳ ಕೈಗೆ ಕೊಡಲೇಬೇಡಿ, ಅದಕ್ಕೆ ಔಷಧ ಲೇಪಿಸಿರುತ್ತಾರೆ.

ಕಾಳನ್ನು ರಾತ್ರಿ ಎಂಟು ತಾಸು ನೆನೆಸಿ. ಲೋಟದ ಒಳಗೋಡೆಗೆ ಒದ್ದೆ ಬಟ್ಟೆ ಸುತ್ತಿ, ನಡುವೆ ಮರಳು ತುಂಬಿ, ಗಾಜಿಗೂ ಬಟ್ಟೆಗೂ ನಡುವೆ ಕಾಳುಗಳನ್ನು ಸಿಕ್ಕಿಸಿ. ಲೋಟದ ತಳದಲ್ಲಿ ಒಂದು ಬೆರಳಷ್ಟು ನೀರು ಸಾಕು, ಬಟ್ಟೆ ಅದನ್ನು ಹೀರಿ ಮೇಲೆ ತರುತ್ತದೆ. ಕಾಳು ಮುಳುಗಿದರೆ ಗಾಳಿ ಸಿಗದೆ ಕೊಳೆತು ನಾರುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಕಿಟಕಿಯಲ್ಲಿಟ್ಟರೆ ಒಂದೇ ದಿನಕ್ಕೆ ಒಣಗುತ್ತದೆ. ಕುಡಿಯುವ ನೀರಿನ ಮಡಿಕೆ ಇಡುವ ಮೂಲೆ ಇದಕ್ಕೆ ಸರಿಯಾದ ಜಾಗ. ಮೂರನೇ ಲೋಟದಲ್ಲಿ ಹತ್ತು ನಿಮಿಷ ಕುದಿಸಿದ ಬೇರೆ ಐದೈದು ಕಾಳು ಇಡಿ. ಈ ಸತ್ತ ಕಾಳಿಲ್ಲದೆ ಪಾಠ ಅರ್ಧವೇ.

ವಾಕ್ಯ ಮೊದಲು ಎಂಬ ದಾರಿಯಲ್ಲಿ ಯೋಹಾನನ ಸುವಾರ್ತೆ 12:24ರಲ್ಲಿ ಯೇಸು ಹೇಳಿದ ಮಾತನ್ನು ಮೊದಲೇ ಬಾಯಿಪಾಠ ಮಾಡಿಸುತ್ತೇವೆ: ನೆಲಕ್ಕೆ ಬಿದ್ದ ಗೋಧಿಯ ಕಾಳು ಸಾಯದಿದ್ದರೆ ಒಂದೇ ಆಗಿ ಉಳಿಯುತ್ತದೆ, ಸತ್ತರೆ ಬಹಳ ಫಲ ಕೊಡುತ್ತದೆ. ಆಮೇಲೆ ಲೋಟ ತೋರಿಸಿದರೆ ಮಕ್ಕಳು ಕಾಳು ಸಾಯುವುದನ್ನೇ ಕಾಯುತ್ತಾರೆ. ಬೇರು ಬಂದ ದಿನ ಪ್ರಶ್ನೆ ಬಂದೇ ಬರುತ್ತದೆ: "ಕಾಳು ಸತ್ತಿಲ್ಲಲ್ರೀ ಟೀಚರ್, ಮೊಳಕಿ ಬಂದದಲ್ರೀ?" ಕುದಿಸಿದ ಕಾಳು ಪಕ್ಕದಲ್ಲೇ ಕೊಳೆಯುತ್ತಿರುವಾಗ ಶಿಕ್ಷಕರು ವಾಕ್ಯವನ್ನು ಕಾಪಾಡಲು ಹೋಗಿ ಕಾಳು ನಿಜವಾಗಿಯೂ ಸಾಯುತ್ತದೆ ಎಂದುಬಿಡುತ್ತಾರೆ. ವಿಜ್ಞಾನವೂ ಕೆಟ್ಟಿತು, ಯೇಸು ತನ್ನ ಮರಣದ ಬಗ್ಗೆ ಆಡಿದ ಮಾತೂ ಬೀಜಶಾಸ್ತ್ರವಾಗಿ ಸಣ್ಣದಾಯಿತು. ಎರಡನೇ ತೊಂದರೆ ಇನ್ನೂ ದೊಡ್ಡದು. ವಾಕ್ಯ ಮೊದಲು ಕೇಳಿದ ಮಗು ಯಾವ ಪ್ರಶ್ನೆಗೂ "ದೇವರು ಮಾಡ್ಯಾನ್ರೀ" ಎಂದು ಮುಗಿಸುತ್ತದೆ. ಉತ್ತರ ತಪ್ಪಲ್ಲ. ಆದರೆ ಹೇಗೆ ಎಂದು ಕೇಳಿದ್ದಕ್ಕೆ ಯಾರು ಎಂದು ಹೇಳಿ ಕೂತಂತಾಯಿತು.

ಪ್ರಯೋಗ ಮೊದಲು ಎಂಬ ದಾರಿಯಲ್ಲಿ ವಾಕ್ಯದ ಸುದ್ದಿಯೇ ಇಲ್ಲ. ದಿನಕ್ಕೊಂದು ಚಿತ್ರ, ಅಳತೆಪಟ್ಟಿ ಹಿಡಿದು ಬೇರಿನ ಉದ್ದ, ಇಪ್ಪತ್ತರಲ್ಲಿ ಎಷ್ಟು ಮೊಳೆತವು ಎಂಬ ಲೆಕ್ಕ. ಹೆಸರುಕಾಳಿನೊಳಗಿನ ಬೇಳೆಗಳೆರಡೂ ಕಾಂಡದ ಜೊತೆ ಮೇಲೆ ಬರುತ್ತವೆ, ತೊಗರಿಯವು ಕೆಳಗೇ ಉಳಿಯುತ್ತವೆ. ಈ ವ್ಯತ್ಯಾಸವನ್ನು ಮಕ್ಕಳೇ ಕಂಡುಹಿಡಿಯಲು ಬಿಡಿ. ಸುಮಾರು ಹತ್ತನೇ ದಿನಕ್ಕೆ ಹೆಸರಿನ ಬೇಳೆಯನ್ನು ಬೆರಳಲ್ಲಿ ಹಿಡಿದು ನೋಡಲಿ: ಮೊದಲು ದಪ್ಪಗೆ, ಬಿರುಸಾಗಿದ್ದದ್ದು ಈಗ ಸುಕ್ಕುಗಟ್ಟಿ, ತೆಳ್ಳಗಾಗಿ, ಮುಟ್ಟಿದರೆ ಉದುರುತ್ತದೆ. ಒಳಗಿದ್ದ ಆಹಾರವೆಲ್ಲ ಸಸಿಗೆ ಹೋಗಿದೆ. ಈಗ ಯೋಹಾನ 12:24 ಓದಿ. ಕುದಿಸಿದ ಕಾಳಿನ ಸಾವು ಬೇರೆ, ತನ್ನನ್ನೇ ಕೊಟ್ಟುಕೊಂಡು ಮುಗಿಯುವುದು ಬೇರೆ ಎಂಬುದನ್ನು ಮಕ್ಕಳು ಕೈಯಲ್ಲಿ ಹಿಡಿದೇ ಕೇಳುತ್ತಾರೆ. ಇದಕ್ಕೆ ಎರಡು ಮೂರು ಭಾನುವಾರ ಬೇಕು, ಐದು ದಿನದ ವಿ.ಬಿ.ಎಸ್.ನಲ್ಲಿ ಬೇರಿನವರೆಗೆ ಮಾತ್ರ ಬರಬಹುದು.

ಎಣಿಸಿ ಬರೆಯುವುದು ಬೇಸರ ಎನ್ನುವ ಮಕ್ಕಳಿಗೆ ಮೆಂಡೆಲ್ ವಿಷಯ ಹೇಳಿ. ಅವರು ಮಠದಲ್ಲಿದ್ದ ಸನ್ಯಾಸಿ. ತೊಗರಿಯದೇ ಕುಟುಂಬದ ಬಟಾಣಿ ಬೆಳೆದು, ದುಂಡನೆಯ ಕಾಳು 5,474, ಸುಕ್ಕಿದ ಕಾಳು 1,850 ಎಂದು ಒಂದೊಂದಾಗಿ ಎಣಿಸಿ 1866ರಲ್ಲಿ ಪ್ರಕಟಿಸಿದರು. ಹೆಚ್ಚುಕಮ್ಮಿ ಮೂರಕ್ಕೆ ಒಂದು. ಅನುವಂಶೀಯತೆಯ ನಿಯಮ ಹೊರಬಂದದ್ದು ಆ ಎಣಿಕೆಯಿಂದ. ಪ್ರಾರ್ಥನೆ ಮಾಡುವವರು ಲೆಕ್ಕ ಇಡುವವರೂ ಆಗಬಹುದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಸಿಕ್ಕಿಲ್ಲ.

ಯೇಸು ಹೇಳಿದ ಸಾಸಿವೆಯ ಸಾಮ್ಯದಲ್ಲೂ (ಹೋಲಿಕೆಯ ಕಥೆ) ಇದೇ ಎಡವಟ್ಟು. ಎಲ್ಲಕ್ಕಿಂತ ಸಣ್ಣ ಬೀಜ ಎಂದು ಹೇಳಿಕೊಟ್ಟ ಮರುವಾರ ಯಾರಾದರೊಬ್ಬರು ಗಸಗಸೆ ತರುತ್ತಾರೆ. ಮೊದಲೇ ಸಾಸಿವೆ, ರಾಗಿ, ಗಸಗಸೆ ಮೂರನ್ನೂ ಬಿಳಿ ಹಾಳೆಯ ಮೇಲೆ ಸಾಲಾಗಿ ಜೋಡಿಸಿ ನೋಡಿಸಿ. ಯೇಸು ಕೇಳುಗರಿಗೆ ಪರಿಚಯವಿದ್ದ ಬಿತ್ತನೆಯ ಮಾತಾಡಿದ ಎಂದು ಆಮೇಲೆ ಹೇಳಿದರೆ ಯಾರಿಗೂ ಗಾಬರಿಯಿಲ್ಲ.

ಆರು ದಿನಗಳ ಕ್ರಮ ನೆನಪಿಗೆ ಒಳ್ಳೆಯದು. ಆರೇಳು ವರ್ಷದ ಮಕ್ಕಳಿಗೆ ಆರು ಚಾರ್ಟು, ಆರು ಬಣ್ಣ, ಒಂದು ಹಾಡು, ವಿ.ಬಿ.ಎಸ್.ಗೆ ಹೇಳಿ ಮಾಡಿಸಿದಂತಿದೆ. ವಿಜ್ಞಾನದ ಕ್ರಮವಾಗಿ ಮಾತ್ರ ಅದು ನಿಲ್ಲುವುದಿಲ್ಲ. ಮೂರನೇ ದಿನ ಗಿಡ, ನಾಲ್ಕನೇ ದಿನ ಸೂರ್ಯ. ಹುಲ್ಲಿನ ಮೇಲೆ ಇಟ್ಟ ಒಂದು ಪರಸಿ ಕಲ್ಲನ್ನು (ಹಾಸುಗಲ್ಲು) ವಾರ ಬಿಟ್ಟು ಎತ್ತಿದಾಗ ಹುಲ್ಲು ಹಳದಿಯಾಗಿದ್ದನ್ನು ಕಂಡ ಮಗು, ಸೂರ್ಯನಿಲ್ಲದೆ ಗಿಡ ಹೇಗೆ ಬದುಕಿತು ಎಂದು ತಕ್ಷಣ ಕೇಳುತ್ತದೆ. ಐದನೇ ದಿನದ ಚಾರ್ಟಿನಲ್ಲಿ ಹಾರುವುದೆಲ್ಲ ಹಕ್ಕಿ, ಈಜುವುದೆಲ್ಲ ಮೀನು ಎಂದು ಮಕ್ಕಳು ಗುಂಪು ಮಾಡುತ್ತಾರೆ, ಬಾವಲಿಯೂ ತಿಮಿಂಗಿಲವೂ ಅಲ್ಲಿ ಸೇರಿಬಿಡುತ್ತವೆ. ಎರಡೂ ಮರಿಗೆ ಹಾಲೂಡಿಸುವ ಸಸ್ತನಿಗಳು. ಪ್ರಾಣಿಗಳ ವರ್ಗೀಕರಣಕ್ಕೆ ಆದಿಕಾಂಡ 2:19-20 ಎಷ್ಟೋ ಮೇಲು. ಆದಾಮನು ಪ್ರಾಣಿಗಳಿಗೆ ಹೆಸರಿಟ್ಟ ಭಾಗ ಅದು. ಹೆಸರಿಡಬೇಕಾದರೆ ಮೊದಲು ಗಮನಿಸಿ ನೋಡಬೇಕು. ಹದಿನೈದು ಪ್ರಾಣಿಗಳ ಚಿತ್ರ ಕೊಟ್ಟು ಮಕ್ಕಳೇ ಗುಂಪು ಮಾಡಲಿ, ಯಾಕೆಂದು ಕಾರಣ ಬರೆಯಲಿ.

ಭೂಮಿಯ ವಯಸ್ಸಿನ ಪ್ರಶ್ನೆ ಏಳುವುದು ಕಲ್ಲಿನ ಪಾಠದಲ್ಲಿ. ಶಹಾಬಾದ್ ಪರಸಿಯ ಚೂರು, ಬೀದರಿನ ಕೆಂಪು ಜಂಬಿಟ್ಟಿಗೆ, ಯಾದಗಿರಿ ಗುಡ್ಡದ ಕಣಶಿಲೆ (ಗ್ರಾನೈಟ್), ಮೂರನ್ನೂ ತೊಳೆದು ಒಣಗಿಸಿ. ಮೊಳೆಯಿಂದ ಕೆರೆದ ಪುಡಿ ಇದ್ದಲ್ಲಿ ಐದು ಹನಿ ನಿಂಬೆರಸ ಹಾಕಿ. ಪರಸಿ ಮಾತ್ರ ಬುರಬುರ ನೊರೆ ಕೊಡುತ್ತದೆ, ಅದು ಸುಣ್ಣಕಲ್ಲು. ನಯವಾದ ಮೇಲ್ಮೈಗೆ ಹಾಕಿದರೆ ನೊರೆ ಕಾಣುವುದೇ ಕಷ್ಟ, ಕೆರೆಯುವುದನ್ನು ಬಿಡಬೇಡಿ. ತೊಳೆಯದ ಜಂಬಿಟ್ಟಿಗೆಗೆ ಗಾರೆ ಅಂಟಿದ್ದರೆ ಅದೂ ನೊರೆ ಕೊಟ್ಟು ದಾರಿ ತಪ್ಪಿಸುತ್ತದೆ. ಭೂವಿಜ್ಞಾನದ ಪ್ರಕಾರ ಈ ಪರಸಿ ಹತ್ತಾರು ಕೋಟಿ ವರ್ಷ ಹಳೆಯದು. ನಮ್ಮ ಎರೆ ಮಣ್ಣಿಗೆ ಮೂಲವಾದ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಈ ಅಂಕಿಗಳನ್ನು ಮುಚ್ಚಿಡಬೇಡಿ, ದೊಡ್ಡ ತರಗತಿಗೆ ಹೋದಾಗ ಮಗು ಓದೇ ಓದುತ್ತದೆ. ಆರು ದಿನಗಳನ್ನು 24 ತಾಸಿನವೆಂದು ನಂಬುವ ಮನೆಗಳಿವೆ, ದೀರ್ಘ ಯುಗಗಳೆಂದು ಓದುವ ಮನೆಗಳಿವೆ. ಅವು ಸಾಮಾನ್ಯ ದಿನಗಳೇ ಎಂಬ ಪ್ರಶ್ನೆಯನ್ನು ಕ್ರಿ.ಶ. 430ರಲ್ಲಿ ತೀರಿಕೊಂಡ ಸಭೆಯ ಬೋಧಕ ಅಗಸ್ಟೀನನೇ ಎತ್ತಿದ್ದ. ಮೆಥೋಡಿಸ್ಟ್, ಕ್ಯಾಥೋಲಿಕ್, ಪೆಂತೆಕೋಸ್ತ್ ಮಕ್ಕಳು ಒಂದೇ ಚಾಪೆಯ ಮೇಲೆ ಕೂತಿರುವಾಗ ಒಬ್ಬರ ಮನೆಯ ನಂಬಿಕೆಯನ್ನು ಪಾಠದ ಉತ್ತರ ಮಾಡಬೇಡಿ.

ನೀರಿನ ಚಕ್ರಕ್ಕೆ ತಣ್ಣೀರಿನ ಲೋಟದ ಹೊರಗೆ ಹನಿ ತೋರಿಸುವ ಪ್ರಯೋಗ ಒಣ ಬೇಸಿಗೆಯಲ್ಲಿ ನಿರಾಸೆ ಮಾಡುತ್ತದೆ, ಗಾಳಿಯಲ್ಲಿ ತೇವವೇ ಕಡಿಮೆ. ಅದನ್ನು ಜುಲೈಗೆ ಇಟ್ಟುಕೊಳ್ಳಿ. ಬೇಸಿಗೆಗೆ ಪಾತ್ರೆಯಲ್ಲಿ ಕಾಲು ಲೀಟರ್ ಬಿಸಿನೀರು, ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಬಣ್ಣ ಬೆರೆಸಿದ ಐಸ್. ಐದು ನಿಮಿಷದಲ್ಲಿ ತಟ್ಟೆಯ ತಳದಲ್ಲಿ ಬಣ್ಣವಿಲ್ಲದ ಹನಿ ಕಾಣುತ್ತದೆ. ಐಸ್ ಸೋರಿಲ್ಲ ಎಂಬುದಕ್ಕೆ ಬಣ್ಣವೇ ಸಾಕ್ಷಿ. ಆಮೇಲೆ ನೀರಿನ ಹನಿ ಮೇಲೇರಿ ಮಳೆಯಾಗುವುದನ್ನು ಹೇಳುವ ಯೋಬ 36:27-28 ಓದಿ. ಬಿಸಿನೀರು ಸುರಿಯುವುದು ದೊಡ್ಡವರ ಕೆಲಸ.

ಆಗಸ್ಟಿನಲ್ಲಿ ತೊಗರಿ ಹೊಲಕ್ಕೆ ಒಂದು ದಿನ ಹೋಗಿ, ರೈತರನ್ನು ಕೇಳಿಕೊಂಡು. ಗಿಡ ಕೀಳಬೇಡಿ, ಎರೆ ಮಣ್ಣು ಬೇರನ್ನು ಹಿಡಿದುಕೊಂಡು ಗಂಟುಗಳನ್ನೆಲ್ಲ ಕಿತ್ತುಕೊಳ್ಳುತ್ತದೆ. ಸುತ್ತ ಒಂದು ಗೇಣು ಬಿಟ್ಟು ಅಗೆದು, ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ಅದ್ದಿ ನಿಧಾನಕ್ಕೆ ಮಣ್ಣು ಕರಗಿಸಿ. ಬೇರಿನ ಗಂಟನ್ನು ಉಗುರಿನಿಂದ ಒಡೆದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅಲ್ಲಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತಿವೆ ಎಂದರ್ಥ. ಅಗೆದ ಗುಂಡಿಯನ್ನು ಮಕ್ಕಳೇ ಮುಚ್ಚಲಿ. ತೋಟವನ್ನು ವ್ಯವಸಾಯ ಮಾಡಿ ಕಾಯಬೇಕೆಂಬ ಆದಿಕಾಂಡ 2:15 ಓದುವುದು ಅದಾದ ಮೇಲೆ.